ಹಳೆಯ ಪತ್ರಿಕೆಗಳಲ್ಲಿ ರಾಜಮನೆತನದ ಪಚ್ಚೆಗಳ ಜಾಡು ಹಿಡಿಯುವುದು ಹೇಗೆ

ರಾಜಮನೆತನದ ಪಚ್ಚೆಯೊಡವೆಗಳ ಇತಿಹಾಸ ಹುಡುಕಲು ಹೊರಟವರು ಸಾಮಾನ್ಯವಾಗಿ ಒಡವೆಯ ಹೆಸರನ್ನೇ ಟೈಪ್ ಮಾಡುತ್ತಾರೆ. ದೆಹಲಿ ದರ್ಬಾರ್ ಟಿಯಾರಾ, ವ್ಲಾಡಿಮಿರ್ ಟಿಯಾರಾ, ಕೇಂಬ್ರಿಜ್ ಪಚ್ಚೆಗಳು ಎಂದೆಲ್ಲ. ಟಿಯಾರಾ ಎಂದರೆ ಹೆಂಗಸರು ತಲೆಗೆ ತೊಡುವ ಕಿರೀಟದಂಥ ಒಡವೆ. ಆ ಕಾಲದ ಪತ್ರಿಕೆಗಳಲ್ಲಿ ಈ ಹೆಸರುಗಳು ಸಿಗುವುದು ಅಪರೂಪ. ಇವುಗಳಲ್ಲಿ ಹೆಚ್ಚಿನವು ನಂತರ ಬಳಕೆಗೆ ಬಂದವು. ಅರಮನೆಯ ವರದಿಗಾರ ಬರೆಯುತ್ತಿದ್ದುದು ರಾಣಿ ವಜ್ರ ಮತ್ತು ಪಚ್ಚೆ ತೊಟ್ಟಿದ್ದರು ಎಂಬ ಧಾಟಿಯ ಒಂದು ಸಾಲು, ಅಷ್ಟೇ. ಯಾವ ಪಚ್ಚೆ, ಎಲ್ಲಿಂದ ಬಂದದ್ದು, ಯಾರು ಕಟ್ಟಿದ್ದು ಎಂಬುದು ಅವನಿಗೂ ತಿಳಿದಿರುತ್ತಿರಲಿಲ್ಲ.

ಹಾಗಾಗಿ ಒಡವೆಯನ್ನು ಬಿಟ್ಟು ಹರಳನ್ನು ಹಿಂಬಾಲಿಸಿ. ಒಡವೆ ಒಂದು ತಲೆಮಾರಿಗಿಂತ ಹೆಚ್ಚು ಕಾಲ ಹಾಗೇ ಉಳಿಯುವುದು ಕಡಿಮೆ. ಬರೋಡದ ಮಹಾರಾಣಿ ಸೀತಾದೇವಿಯ ಪಚ್ಚೆ-ವಜ್ರದ ಕಾಲ್ಕಡಗಗಳು 1953ರಲ್ಲಿ ನ್ಯೂಯಾರ್ಕಿನ ಒಡವೆ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಕೈಸೇರಿ, ಕಂಠಹಾರವಾಗಿ ಮಾರ್ಪಟ್ಟು ಡಚೆಸ್ ಆಫ್ ವಿಂಡ್ಸರ್ ಕೊರಳಿಗೆ ಹೋದವು. ಕಂಠಹಾರ ಎಂದು ಹುಡುಕಿದವರಿಗೆ ಅದರ ಹಿಂದಿನ ಜನ್ಮ ಎಂದೂ ಕಾಣದು. ಇನ್ನೂ ವಿಪರೀತದ ಉದಾಹರಣೆ ನೆಪೋಲಿಯನ್ ತನ್ನ ಎರಡನೇ ಹೆಂಡತಿ ಮರಿ ಲೂಯಿಸ್‌ಗೆ 1810ರಲ್ಲಿ ಕೊಟ್ಟ ಶಿರೋಭೂಷಣ. ಅದರ 79 ಪಚ್ಚೆಗಳನ್ನು ವಾನ್ ಕ್ಲೀಫ್ ಅಂಡ್ ಆರ್ಪೆಲ್ಸ್ ಎಂಬ ಒಡವೆ ಸಂಸ್ಥೆ ಬಿಚ್ಚಿ, ಬೇರೆ ಬೇರೆ ಒಡವೆಗಳಲ್ಲಿ ಕೂರಿಸಿ 1954ರಿಂದ 1956ರ ನಡುವೆ ಬಿಡಿಬಿಡಿಯಾಗಿ ಮಾರಿತು. ಅದಕ್ಕಾಗಿ ಪತ್ರಿಕೆಯಲ್ಲಿ ಜಾಹೀರಾತನ್ನೂ ಕೊಟ್ಟಿತು. ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಇರುವುದು ಅದೇ ಶಿರೋಭೂಷಣ, ಪಚ್ಚೆಯ ಜಾಗದಲ್ಲಿ ಫಿರೋಜಾ ಕಲ್ಲುಗಳು. ಜಾಹೀರಾತಿನ ಪುಟಗಳನ್ನೂ ಹುಡುಕಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹುಡುಕಾಟ ಶುರು ಮಾಡುವ ಮುನ್ನ ಹರಳಿಗೊಂದು ಚೀಟಿ ಬರೆದುಕೊಳ್ಳಿ. ಎಷ್ಟು ಹರಳು, ಯಾವ ಆಕಾರ, ಮುಖಗಳಾಗಿ ಕತ್ತರಿಸಿದ್ದೋ ಅಥವಾ ಕ್ಯಾಬೊಶಾನ್ ಎನ್ನುವ ನುಣುಪಾದ ಉಬ್ಬು ಹರಳೋ, ಹನಿಯಂತೆ ಜೋಲುವುದೋ, ಕೆತ್ತನೆ ಇದೆಯೋ, ದಾರ ಪೋಣಿಸಲು ಕೊರೆದ ತೂತು ಇದೆಯೋ, ತೂಕ ಎಷ್ಟು. ಭಾರತದಿಂದ ಹೋದ ಹಳೆಯ ಪಚ್ಚೆಗಳಲ್ಲಿ ತೂತು ಮತ್ತು ಕೆತ್ತನೆ ಸಾಮಾನ್ಯ, ಗುರುತು ಹಿಡಿಯಲು ಅವೇ ದೊಡ್ಡ ಆಸರೆ. 2001ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಮಾರಾಟವಾದ 217.80 ಕ್ಯಾರೆಟ್ಟಿನ ಮೊಘಲ್ ಪಚ್ಚೆಯ ಮೇಲೆ ಹಿಜರಿ 1107 ಎಂಬ ವರ್ಷವೇ ಕೆತ್ತಿದೆ. ಅಂಥ ಹರಳನ್ನು ಯಾವ ವರದಿಯಲ್ಲಿ ಕಂಡರೂ ತಪ್ಪಿಲ್ಲದೆ ಗುರುತಿಸಬಹುದು. ಕೆತ್ತನೆಯಿಲ್ಲದ ಚೌಕ ಹರಳಿಗೆ ಆ ಭಾಗ್ಯವಿಲ್ಲ. ಅದಕ್ಕೆ ಎಣಿಕೆ, ತೂಕ, ಜೊತೆಗಿದ್ದ ಹರಳುಗಳು ಎಲ್ಲವೂ ಒಟ್ಟಿಗೆ ಹೊಂದಬೇಕು.

ವ್ಯಕ್ತಿಯ ಹೆಸರಿನ ಕಾಲಪಟ್ಟಿ

ಎರಡನೇ ಚೀಟಿ ಒಡವೆ ತೊಟ್ಟವರದು. ರಾಜಮನೆತನದವರ ಬಿರುದು ಬದಲಾದಂತೆ ಪತ್ರಿಕೆಗಳಲ್ಲಿ ಅವರ ಹೆಸರೂ ಬದಲಾಗುತ್ತದೆ. ಬ್ರಿಟನ್ನಿನ ದೊರೆ ಐದನೇ ಜಾರ್ಜನ ಹೆಂಡತಿ ಕ್ವೀನ್ ಮೇರಿಯನ್ನೇ ನೋಡಿ. 1893ರ ಜುಲೈ 6ರ ಮದುವೆಗೆ ಮುನ್ನ ಆಕೆ ಪ್ರಿನ್ಸೆಸ್ ಮೇ ಆಫ್ ಟೆಕ್. ಮದುವೆಯಿಂದ 1901ರ ಜನವರಿವರೆಗೆ ಡಚೆಸ್ ಆಫ್ ಯಾರ್ಕ್. ಆ ವರ್ಷದ ನವೆಂಬರ್‌ವರೆಗೆ ಡಚೆಸ್ ಆಫ್ ಕಾರ್ನ್‌ವಾಲ್ ಅಂಡ್ ಯಾರ್ಕ್. ಅಲ್ಲಿಂದ 1910ರ ಮೇವರೆಗೆ ಪ್ರಿನ್ಸೆಸ್ ಆಫ್ ವೇಲ್ಸ್. ನಂತರ 1936ರವರೆಗೆ ಪತ್ರಿಕೆಗಳಲ್ಲಿ ಬರೀ 'ದ ಕ್ವೀನ್'. ಗಂಡ ತೀರಿದ ಮೇಲೆ 1953ರಲ್ಲಿ ತಾನು ಸಾಯುವವರೆಗೆ ಕ್ವೀನ್ ಮೇರಿ. ಈ ಪಟ್ಟಿ ಇಲ್ಲದೆ ಕ್ವೀನ್ ಮೇರಿ ಎಂದಷ್ಟೇ ಹುಡುಕಿದರೆ ಆಕೆಯ ಅರ್ಧ ಬದುಕು ಕೈತಪ್ಪುತ್ತದೆ, ಜೊತೆಗೆ ಅದೇ ಹೆಸರಿನ ಹಡಗುಗಳ ಸುದ್ದಿ ರಾಶಿ ಬೀಳುತ್ತದೆ. ಇನ್ನೊಂದು ಕಡೆ, ಡಚೆಸ್ ಆಫ್ ಯಾರ್ಕ್ ಎಂದು ಹುಡುಕುವಾಗ 1923ರ ನಂತರ ಸಿಗುವವರು ಆಕೆಯ ಸೊಸೆ ಎಲಿಜಬೆತ್. ಇಬ್ಬರ ಒಡವೆಗಳನ್ನು ಬೆರೆಸಿದ ಬರಹಗಳು ಬೇಕಾದಷ್ಟಿವೆ.

ಭಾರತದ ಸಂಸ್ಥಾನಗಳ ವಿಷಯದಲ್ಲಿ ತೊಡಕು ಕಾಗುಣಿತದ್ದು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬರೋಡದ ದೊರೆ ಗ್ವಿಕೊವರ್, ಗೈಕ್ವಾರ್, ಗೇಕ್ವಾರ್ ಎಂದೆಲ್ಲ ಆಗುತ್ತಾನೆ. ಜೈಪುರ ಜೇಪೋರ್ ಆಗಿರುತ್ತದೆ, ಪಟಿಯಾಲಾ ಪುಟಿಯಾಲಾ ಆಗಿರುತ್ತದೆ. ಮಹಾರಾಜ ಪದದ ಕೊನೆಗೆ ಎಚ್ ಅಕ್ಷರ ಇದ್ದೂ ಇಲ್ಲದೆಯೂ, ಮಹಾರಾಣಿ ಪದದ ಕೊನೆಗೆ ಐ ಬದಲು ಎರಡು ಇ ಹಾಕಿಯೂ ಹುಡುಕಿ. ಎಷ್ಟೋ ವರದಿಗಳಲ್ಲಿ ದೊರೆಯ ಸ್ವಂತ ಹೆಸರೇ ಇರುವುದಿಲ್ಲ, ಸಂಸ್ಥಾನದ ಹೆಸರು ಮಾತ್ರ. ಆಗ ಆ ತಾರೀಖಿಗೆ ಪಟ್ಟದಲ್ಲಿ ಇದ್ದವರು ಯಾರೆಂದು ನೋಡಿಕೊಳ್ಳುವುದು ನಿಮ್ಮ ಕೆಲಸ. ಇಂದೋರಿನಲ್ಲಿ ತುಕೋಜಿರಾವ್ ಹೋಳ್ಕರ್ 1926ರಲ್ಲಿ ಪಟ್ಟ ಬಿಟ್ಟು ಮಗ ಯಶವಂತರಾವ್ ದೊರೆಯಾದ. ಅದಾದ ಮೇಲೂ ಪತ್ರಿಕೆಗಳು ಇಬ್ಬರನ್ನೂ ಇಂದೋರಿನ ಮಹಾರಾಜ ಎನ್ನುತ್ತಲೇ ಇದ್ದವು.

ಎಲ್ಲಿ ಹುಡುಕುವುದು

ದುಡ್ಡು ಕೊಡದೆ ಶುರು ಮಾಡಬಹುದು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ, ಸಿಂಗಪುರದ ನ್ಯೂಸ್‌ಪೇಪರ್‌ಎಸ್‌ಜಿ, ಫ್ರಾನ್ಸಿನ ಗ್ಯಾಲಿಕಾ, ಆಸ್ಟ್ರಿಯಾದ ಆನ್ನೊ ಇವೆಲ್ಲ ಉಚಿತ. ಟ್ರೋವ್‌ನ ಬಹುಪಾಲು ಪತ್ರಿಕೆಗಳು ಹಕ್ಕುಸ್ವಾಮ್ಯದ ಕಾರಣಕ್ಕೆ 1954ಕ್ಕೆ ನಿಲ್ಲುತ್ತವೆ ಎನ್ನುವುದು ನೆನಪಿರಲಿ.

ಬ್ರಿಟನ್ನಿನ ಒಡವೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಪತ್ರಿಕೆ ಯಾಕೆ ಎಂದರೆ, ಲಂಡನ್ನಿನ ಸಮಾಜ ಸುದ್ದಿಗೆ ಅಲ್ಲಿ ಬಹಳ ಹಸಿವಿತ್ತು. ಮಹಿಳೆಯರ ಅಂಕಣಕ್ಕೆಂದೇ ಲಂಡನ್ನಿನಿಂದ ಉದ್ದುದ್ದದ ಪತ್ರಗಳು ಹೋಗುತ್ತಿದ್ದವು. ಲಂಡನ್ ದಿನಪತ್ರಿಕೆ ಎರಡು ಸಾಲಿಗೆ ಮುಗಿಸಿದ್ದನ್ನು ಅವು ಅರ್ಧ ಕಾಲಂ ಬರೆದಿರುತ್ತವೆ. ಸತ್ತುಹೋದ ಎಷ್ಟೋ ಲಂಡನ್ ವಾರಪತ್ರಿಕೆಗಳ ತುಣುಕುಗಳು ಅಲ್ಲಿ ಮರುಮುದ್ರಣವಾಗಿ ಉಳಿದಿವೆ.

ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಪುಟ ತೆರೆಯಲು ಹಣ ಬೇಕು, ಹುಡುಕಲು ಬೇಡ. ಫಲಿತಾಂಶದ ಪಟ್ಟಿಯಲ್ಲೇ ಸಿಕ್ಕ ಪದದ ಸುತ್ತಲಿನ ಸಾಲುಗಳು ಕಾಣುತ್ತವೆ. ಮೊದಲು ಹೀಗೆ ಪುಕ್ಕಟೆ ಹುಡುಕಿ ಬೇಕಾದ ಪುಟಗಳ ಪಟ್ಟಿ ಮಾಡಿಕೊಂಡು, ಆಮೇಲೆ ಒಂದೇ ತಿಂಗಳ ಚಂದಾ ಕಟ್ಟಿ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳುವುದು ಜಾಣತನ. ದ ಟೈಮ್ಸ್ ಮತ್ತು ಟೈಮ್ಸ್ ಆಫ್ ಇಂಡಿಯಾದ ಹಳೆಯ ಸಂಚಿಕೆಗಳು ಗ್ರಂಥಾಲಯಗಳ ಚಂದಾ ಮೂಲಕ ಸಿಗುತ್ತವೆ. ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ.

ಪದಗಳ ಕಾಟ

ಸ್ಕ್ಯಾನ್ ಮಾಡಿದ ಪುಟವನ್ನು ಅಕ್ಷರವಾಗಿಸುವ ಓಸಿಆರ್ ತಂತ್ರಾಂಶ ಸಣ್ಣ ಅಚ್ಚಿನಲ್ಲಿ ಎಡವುತ್ತದೆ, ಒಡವೆಯ ವಿವರ ಇರುವುದು ಸಣ್ಣ ಅಚ್ಚಿನಲ್ಲೇ. ಪಚ್ಚೆಗೆ ಇಂಗ್ಲಿಷಿನಲ್ಲಿರುವ ಎಮರಾಲ್ಡ್ ಪದದ ಮೊದಲಕ್ಷರ ಇ ಮಾಸಿದ್ದರೆ ಸಿ ಆಗುತ್ತದೆ. ಎಂ ಅಕ್ಷರ ಆರ್ ಮತ್ತು ಎನ್ ಆಗಿ ಒಡೆಯುತ್ತದೆ. ಎಲ್ ಹೋಗಿ ಐ ಬರುತ್ತದೆ. ಸಾಲಿನ ಕೊನೆಯಲ್ಲಿ ಪದ ಮುರಿದು ಅಡ್ಡಗೆರೆ ಬಿದ್ದಿದ್ದರಂತೂ ಯಾವ ಹುಡುಕಾಟಕ್ಕೂ ಸಿಗದು. ಆದ್ದರಿಂದ ಪಚ್ಚೆ ಎಂಬ ಪದವನ್ನೇ ನೆಚ್ಚಿಕೊಳ್ಳಬೇಡಿ. ವ್ಯಕ್ತಿಯ ಬಿರುದು, ಸಮಾರಂಭದ ಹೆಸರು, ಒಂದು ವಾರದ ತಾರೀಖಿನ ಮಿತಿ ಕೊಟ್ಟು ಪಚ್ಚೆಯನ್ನು ಕೈಬಿಟ್ಟು ಹುಡುಕಿ, ಸಿಕ್ಕ ಪುಟಗಳನ್ನು ಕಣ್ಣಲ್ಲೇ ಓದಿ. ನಿಧಾನ, ಆದರೆ ಹೆಚ್ಚು ಸಿಗುವುದು ಹೀಗೆಯೇ.

ಪದ ಹಾಕಿ ಹುಡುಕುವಾಗ ಏಕವಚನ ಬಹುವಚನ ಎರಡನ್ನೂ ಪ್ರಯತ್ನಿಸಿ. ಟ್ರೋವ್‌ನಲ್ಲಿ ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹಿಂದೆಯೇ ~10 ಎಂದು ಸೇರಿಸಿದರೆ, ಆ ಎರಡು ಪದಗಳು ಹತ್ತು ಪದಗಳ ಅಂತರದೊಳಗೆ ಬಂದ ಲೇಖನಗಳಷ್ಟೇ ಸಿಗುತ್ತವೆ. ಟಿಯಾರಾ ಮತ್ತು ಎಮರಾಲ್ಡ್ಸ್ ಪದಗಳನ್ನು ಹೀಗೆ ಜೋಡಿಸಿ. ಒಡವೆಯ ಬಗೆಗೂ ಪತ್ರಿಕೆಗಳಿಗೆ ಒಂದೇ ಪದ ಇರಲಿಲ್ಲ. ತಲೆಯ ಮೇಲಿನದ್ದು ಟಿಯಾರಾ, ಡಯಾಡೆಮ್, ಕಾರೊನೆಟ್, ಬ್ಯಾಂಡೊ, ಸರ್ಕ್ಲೆಟ್, ಕೆಲವೊಮ್ಮೆ ಸುಮ್ಮನೆ ಕ್ರೌನ್. ಎದೆಯ ಮೇಲಿನದ್ದು ಸ್ಟಮಕರ್ ಅಥವಾ ಕೊರ್ಸಾಜ್ ಆಭರಣ. ಪೂರ್ತಿ ಜೋಡಣೆ ಪರೂರ್, ಸೂಟ್, ಸೆಟ್. ಭಾರತದ ದೊರೆಗಳ ತುರಾಯಿ ಏಗ್ರೆಟ್ ಆಗಿರುತ್ತದೆ, ಪೇಟಕ್ಕೆ ಕಟ್ಟುವ ಒಡವೆಯಾದ ಸರ್ಪೆಚ್ ಪದವನ್ನು ನಾಲ್ಕಾರು ಬಗೆಯಲ್ಲಿ ಬರೆದಿರುತ್ತಾರೆ.

ಬೇಡದ್ದೂ ರಾಶಿ ಬೀಳುತ್ತದೆ. ಎಮರಾಲ್ಡ್ ಬಣ್ಣದ ಮಖಮಲ್ಲು, ಐರ್ಲೆಂಡಿನ ಅಡ್ಡಹೆಸರು, ಆ ಹೆಸರಿನ ಯುದ್ಧನೌಕೆ, ರೇಸ್ ಕುದುರೆ. ಟ್ರೋವ್‌ನಲ್ಲಿ ಇನ್ನೊಂದು ಕಾಟ, ಕ್ವೀನ್ಸ್‌ಲ್ಯಾಂಡಿನಲ್ಲಿ ಎಮರಾಲ್ಡ್ ಎಂಬ ಊರೇ ಇದೆ, ವಿಕ್ಟೋರಿಯಾದಲ್ಲಿ ಇನ್ನೊಂದು. ಅಲ್ಲಿನ ರೈಲ್ವೆ ಮತ್ತು ಮಳೆ ಸುದ್ದಿಗಳೇ ಸಾವಿರಾರು. 1920ರ ದಶಕದ ಕೊನೆಯ ನಂತರದ ಲಂಡನ್ ಸಮಾಜ ಅಂಕಣಗಳಲ್ಲಿ ಎಮರಾಲ್ಡ್ ಎಂದರೆ ಬಹುಶಃ ಲಂಡನ್ ಸಮಾಜದ ಹೆಸರಾಂತ ಮಹಿಳೆ ಲೇಡಿ ಕ್ಯೂನಾರ್ಡ್, ಆಕೆ ತನಗೆ ಇಟ್ಟುಕೊಂಡ ಹೆಸರು ಅದು.

ತಾರೀಖು: ಪತ್ರಿಕೆಯದ್ದು ಬೇರೆ, ಘಟನೆಯದ್ದು ಬೇರೆ

ಹೊಸಬರು ಹೆಚ್ಚು ಎಡವುವ ಜಾಗ ಇದು. 1872ರಲ್ಲಿ ತಂತಿ ಸಂಪರ್ಕ ಬರುವ ಮೊದಲು ಆಸ್ಟ್ರೇಲಿಯಾಕ್ಕೆ ಲಂಡನ್ ಸುದ್ದಿ ಹಡಗಿನಲ್ಲೇ ಹೋಗಬೇಕಿತ್ತು. ತಂತಿ ಬಂದ ಮೇಲೂ ಪದಕ್ಕಿಷ್ಟು ಎಂದು ದುಡ್ಡು ತೆರಬೇಕಿದ್ದರಿಂದ ಒಡವೆಯ ವಿವರ ತಂತಿಯಲ್ಲಿ ಹೋಗುತ್ತಿರಲಿಲ್ಲ, ಅಂಚೆಯಲ್ಲೇ ಹೋಗುತ್ತಿತ್ತು. ಐದನೇ ಜಾರ್ಜ್ ಭಾರತದ ಚಕ್ರವರ್ತಿಯಾದದ್ದನ್ನು ಸಾರಿದ 1911ರ ಡಿಸೆಂಬರ್ 12ರ ದೆಹಲಿ ದರ್ಬಾರಿನ ಸುದ್ದಿ ಮರುದಿನವೇ ಎಲ್ಲೆಡೆ ಬಂತು, ನಿಜ. ಆದರೆ ಯಾರು ಏನು ತೊಟ್ಟಿದ್ದರು ಎಂಬ ವಿವರದ ಪತ್ರಗಳು ಲಂಡನ್ನಿಗೆ ತಲುಪಲು ಎರಡು ಮೂರು ವಾರ ಬೇಕು, ಲಂಡನ್ನಿನಿಂದ ಸುತ್ತಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಟ್ಟಲು ಮತ್ತೂ ಐದಾರು ವಾರ. ಡಿಸೆಂಬರ್ ಕೊನೆಗೆ ಹುಡುಕಾಟ ನಿಲ್ಲಿಸಿದರೆ ಬೇಕಾದದ್ದು ಸಿಗುವುದಿಲ್ಲ. 1912ರ ಮಾರ್ಚ್‌ವರೆಗೂ ನೋಡಿ.

ವರದಿಯೊಳಗೆ ತಾರೀಖಿನ ಪಕ್ಕ ಇನ್‌ಸ್ಟ್ ಎಂದಿದ್ದರೆ ಅದೇ ತಿಂಗಳು, ಅಲ್ಟ್ ಎಂದಿದ್ದರೆ ಹಿಂದಿನ ತಿಂಗಳು, ಪ್ರಾಕ್ಸ್ ಎಂದಿದ್ದರೆ ಮುಂದಿನ ತಿಂಗಳು. ಮರುಮುದ್ರಣದಲ್ಲಿ ಇವು ಅಪಾಯಕಾರಿ. ಲಂಡನ್ ಪತ್ರಿಕೆಯ 'ಇನ್‌ಸ್ಟ್' ಹಾಗೇ ಒಂದೂವರೆ ತಿಂಗಳ ನಂತರದ ಸಂಚಿಕೆಯಲ್ಲಿ ಅಚ್ಚಾಗಿರುತ್ತದೆ. ರಷ್ಯಾದ ಸುದ್ದಿಗೆ ಇನ್ನೊಂದು ಲೆಕ್ಕ ಬೇಕು. 1918ರ ಫೆಬ್ರವರಿವರೆಗೆ ಅಲ್ಲಿದ್ದ ಹಳೆಯ ಪಂಚಾಂಗ 19ನೇ ಶತಮಾನದಲ್ಲಿ 12 ದಿನ, 20ನೇ ಶತಮಾನದಲ್ಲಿ 13 ದಿನ ಹಿಂದೆ. ಸಮಾರಂಭದ ನಿಜವಾದ ದಿನವನ್ನು ದ ಟೈಮ್ಸ್‌ನಲ್ಲಿ ದಿನವೂ ಬರುತ್ತಿದ್ದ, ಅರಮನೆಯ ದಿನಚರಿ ತಿಳಿಸುವ ಕೋರ್ಟ್ ಸರ್ಕ್ಯುಲರ್ ನೋಡಿ ಖಚಿತಪಡಿಸಿಕೊಳ್ಳಬಹುದು.

ಯಾವ ವರದಿಗೆ ಎಷ್ಟು ತೂಕ

ಮದುವೆ ಉಡುಗೊರೆಗಳ ಪಟ್ಟಿಗಳು ಚಿನ್ನದ ಗಣಿ. ಕೊಟ್ಟವರ ಹೆಸರು, ಕೊಟ್ಟ ವಸ್ತು, ಒಮ್ಮೊಮ್ಮೆ ಹರಳಿನ ಸಂಖ್ಯೆಯೂ ಇರುತ್ತದೆ. ಉಡುಗೊರೆಗಳನ್ನು ಸಾರ್ವಜನಿಕರಿಗೆ ಪ್ರದರ್ಶಿಸುತ್ತಿದ್ದ ಕಾಲವಾದ್ದರಿಂದ ನೋಡಿ ಬರೆದವರೂ ಇದ್ದರು. 1893ರ ಮೇರಿ-ಜಾರ್ಜ್ ಮದುವೆಯ ಪಟ್ಟಿ ಕಾಲಂಗಟ್ಟಲೆ ಇದೆ. ಹರಾಜಿನ ವರದಿ, ಕಳವಿನ ನೋಟೀಸು ಕೂಡ ಗಟ್ಟಿ ಪುರಾವೆ. ಕಳವಾದ ಒಡವೆಯನ್ನು ಗಿರವಿ ಅಂಗಡಿಯವರು ಗುರುತಿಸಬೇಕಾದ್ದರಿಂದ ಪೊಲೀಸರ ವಿವರ ನಿಖರವಾಗಿರುತ್ತದೆ. 1907ರ ಜುಲೈನಲ್ಲಿ ಡಬ್ಲಿನ್ ಕೋಟೆಯಿಂದ ಐರಿಷ್ ರಾಜಲಾಂಛನದ ಒಡವೆಗಳು ಕಾಣೆಯಾದಾಗ ಪೊಲೀಸರು ಚಿತ್ರ ಸಮೇತ ಪ್ರಕಟಿಸಿದರು, ಅದರಲ್ಲಿ ಪಚ್ಚೆಯಲ್ಲಿ ಮಾಡಿದ ಶ್ಯಾಮ್‌ರಾಕ್ ಎಲೆಯ ವಿವರವೂ ಇದೆ. ಕಳವಿನ ಸುದ್ದಿಯಲ್ಲಿ ನಂಬಬಾರದ್ದು ಬೆಲೆ ಮಾತ್ರ, ದಿನದಿಂದ ದಿನಕ್ಕೆ ಏರುತ್ತದೆ.

ಇನ್ನು ಡ್ರಾಯಿಂಗ್ ರೂಮ್, ಕೋರ್ಟ್ ಎಂದು ಕರೆಯುತ್ತಿದ್ದ ಅರಮನೆಯ ಸಮಾರಂಭಗಳ ಉಡುಪಿನ ವರದಿಗಳು. ಸಂಖ್ಯೆಯಲ್ಲಿ ಇವೇ ಅತಿ ಹೆಚ್ಚು, ಮೋಸವೂ ಇಲ್ಲೇ ಹೆಚ್ಚು. ಈ ವಿವರಗಳಲ್ಲಿ ಬಹಳಷ್ಟು ಬಟ್ಟೆ ಹೊಲಿದ ಅಂಗಡಿಯಿಂದಲೋ ಮನೆತನದಿಂದಲೋ ಮುಂಚಿತವಾಗಿ ಪತ್ರಿಕೆಗೆ ಹೋಗುತ್ತಿದ್ದವು. ಅಂದರೆ ಅದು ತೊಡಬೇಕೆಂದಿದ್ದದ್ದರ ವಿವರ. ಕೊನೇ ಗಳಿಗೆಯಲ್ಲಿ ಒಡವೆ ಬದಲಾದರೆ ವರದಿ ಬದಲಾಗುವುದಿಲ್ಲ. ಉಡುಪಿನ ಬಟ್ಟೆ, ಕಸೂತಿ, ಹಿಂದೆ ಎಳೆಯುವ ಸೆರಗಿನ ಉದ್ದ ಎಲ್ಲ ಕರಾರುವಾಕ್ಕಾಗಿದ್ದು ಕೊನೆಗೆ ಆಭರಣದ ಬಗ್ಗೆ 'ವಜ್ರ ಮತ್ತು ಪಚ್ಚೆ' ಎಂದು ಮೂರೇ ಪದ ಇದ್ದರೆ, ಅದು ದರ್ಜಿ ಅಂಗಡಿಯ ಚೀಟಿ ಎಂದು ಭಾವಿಸಿ. ವರದಿಗಾರ ಕಣ್ಣಾರೆ ಕಂಡು ಬರೆದದ್ದಾದರೆ ನಡೆದ ರೀತಿ, ಬೆಳಕು, ಪಕ್ಕದಲ್ಲಿದ್ದವರು ಯಾರಾದರೂ ಇಣುಕುತ್ತಾರೆ.

ಪರೀಕ್ಷೆಗೊಂದು ಸುಲಭ ದಾರಿ ಶೋಕಾಚರಣೆಯ ತಾರೀಖು. ರಾಣಿ ವಿಕ್ಟೋರಿಯಾ 1901ರ ಜನವರಿ 22ರಂದು, ಏಳನೇ ಎಡ್ವರ್ಡ್ 1910ರ ಮೇ 6ರಂದು ತೀರಿಕೊಂಡರು. ಅರಮನೆಯ ಶೋಕದ ಅವಧಿಯಲ್ಲಿ ಬಣ್ಣದ ಹರಳು ತೊಡುವ ರೂಢಿ ಇರಲಿಲ್ಲ, ವಜ್ರ, ಮುತ್ತು, ಜೆಟ್ ಎನ್ನುವ ಕಪ್ಪು ಕಲ್ಲು ಅಷ್ಟೇ. ಆ ತಿಂಗಳುಗಳಲ್ಲಿ ರಾಜಕುಟುಂಬದವರು ಪಚ್ಚೆ ತೊಟ್ಟರೆಂದು ಓದಿದರೆ ತಾರೀಖನ್ನೋ ವ್ಯಕ್ತಿಯನ್ನೋ ಮತ್ತೆ ನೋಡಿ.

ಭಾನುವಾರದ ಪುರವಣಿಗಳ ಶಾಪಗ್ರಸ್ತ ಹರಳಿನ ಕಥೆಗಳನ್ನು, ಅದರಲ್ಲೂ 1900ರಿಂದ 1930ರ ನಡುವಿನ ಅಮೆರಿಕನ್ ಪತ್ರಿಕೆಗಳದ್ದನ್ನು, ಪುರಾವೆ ಎಂದು ಬರೆದುಕೊಳ್ಳಲೇಬೇಡಿ. ಓದಲು ಚೆನ್ನಾಗಿರುತ್ತವೆ.

ಒಂದೇ ಸುದ್ದಿ ಮೂವತ್ತು ಪತ್ರಿಕೆಯಲ್ಲಿ ಬಂದರೂ ಸಾಕ್ಷಿ ಒಂದೇ. ವಾಕ್ಯಗಳನ್ನು ಹೋಲಿಸಿ ಅತಿ ಹಳೆಯದನ್ನು ಹುಡುಕಿ, ಉಳಿದವನ್ನು ಅದರ ಕೆಳಗೆ ಸೇರಿಸಿ. ಮರುಮುದ್ರಣ ಆಗುತ್ತಾ ಹೋದಂತೆ 'ಎನ್ನಲಾಗಿದೆ' ಎಂಬ ಪದ ಮೊದಲು ಉದುರುತ್ತದೆ.

ದರ್ಬಾರಿನ ಪಚ್ಚೆಗಳು: ಬಿಡಿಸಿ ನೋಡುವ ಬಗೆ

1911ರ ದರ್ಬಾರಿನ ವರದಿಗಳಲ್ಲಿ ಪಚ್ಚೆ ಎಂಬ ಪದ ಸಿಕ್ಕಾಗ ಅದು ಕನಿಷ್ಠ ಮೂರು ಬೇರೆ ಬೇರೆ ಪಚ್ಚೆಗಳಲ್ಲಿ ಯಾವುದೂ ಆಗಿರಬಹುದು.

ಮೊದಲನೆಯದು ಕೇಂಬ್ರಿಜ್ ಪಚ್ಚೆಗಳು. ಕೇಂಬ್ರಿಜ್ ಡಚೆಸ್ ಆಗಸ್ಟಾ 1818ರಲ್ಲಿ ಜರ್ಮನಿಯಲ್ಲಿ ಲಾಟರಿಯಲ್ಲಿ ಗೆದ್ದಳೆನ್ನುವ ಸುಮಾರು 40 ಕ್ಯಾಬೊಶಾನ್ ಹರಳುಗಳು ಇವು. ಮಗಳು ಮೇರಿ ಅಡಿಲೇಡ್‌ಗೆ ಬಂದು, ಆಕೆ 1897ರಲ್ಲಿ ತೀರಿದ ಮೇಲೆ ಮಗ ಪ್ರಿನ್ಸ್ ಫ್ರಾನ್ಸಿಸ್ ಆಫ್ ಟೆಕ್ ಕೈಸೇರಿದವು. ಅವನು 1910ರ ಅಕ್ಟೋಬರ್‌ನಲ್ಲಿ ಸತ್ತಾಗ ಪಚ್ಚೆಗಳು ಅವನ ಗೆಳತಿ ಕೌಂಟೆಸ್ ಆಫ್ ಕಿಲ್‌ಮೋರಿ ಪಾಲಾದವು, ಅಕ್ಕ ಕ್ವೀನ್ ಮೇರಿ ಅವನ್ನು ಮರಳಿ ಪಡೆದಳು. ದರ್ಬಾರಿಗೆಂದು ಲಂಡನ್ನಿನ ಒಡವೆ ಸಂಸ್ಥೆ ಗ್ಯಾರಾರ್ಡ್ ಮಾಡಿದ ಟಿಯಾರಾದ ನೆತ್ತಿಯ ಸಾಲಿನಲ್ಲಿ ಈ ಪಚ್ಚೆಗಳಲ್ಲಿ ಹತ್ತನ್ನು ಕೂರಿಸಲಾಯಿತು.

ಎರಡನೆಯದು ಭಾರತದ ಮಹಿಳೆಯರ ಪರವಾಗಿ ಪಟಿಯಾಲಾದ ಮಹಾರಾಣಿ ದೆಹಲಿಯಲ್ಲಿ ರಾಣಿಗೆ ಅರ್ಪಿಸಿದ ಪಚ್ಚೆಯೊಡವೆ. ಇದಕ್ಕೂ ಕೇಂಬ್ರಿಜ್ ಹರಳಿಗೂ ಸಂಬಂಧವಿಲ್ಲ, ಆದರೆ ವರದಿಗಳಲ್ಲಿ ಎರಡೂ ರಾಣಿಯ ಪಚ್ಚೆಗಳೇ. ಮೂರನೆಯದು ಐದನೇ ಜಾರ್ಜ್ ತೊಟ್ಟ ಇಂಪೀರಿಯಲ್ ಕ್ರೌನ್ ಆಫ್ ಇಂಡಿಯಾ. ಅದನ್ನು ಮಾಡಿದ್ದೂ ಗ್ಯಾರಾರ್ಡ್, ಅದರಲ್ಲೂ ವಜ್ರದ ಜೊತೆ ಪಚ್ಚೆ, ಮಾಣಿಕ್ಯ, ನೀಲಗಳಿವೆ. ಟಿಯಾರಾಕ್ಕೂ ಕ್ರೌನ್ ಎನ್ನುತ್ತಿದ್ದ ಪತ್ರಿಕೆಯಲ್ಲಿ ಪಚ್ಚೆಯ ಕ್ರೌನ್ ಎಂದು ಸಿಕ್ಕರೆ ಅದು ಗಂಡನದ್ದೋ ಹೆಂಡತಿಯದ್ದೋ ಎಂದು ವಾಕ್ಯದ ಹಿಂದು ಮುಂದು ಓದಿಯೇ ತಿಳಿಯಬೇಕು. ದೇಶದ ದೊರೆಗಳು ತೊಟ್ಟು ಬಂದ ಪಚ್ಚೆಗಳ ಲೆಕ್ಕ ಇದರಿಂದಾಚೆಗೆ.

ಈ ಹರಳುಗಳ ಮುಂದಿನ ಪಯಣದಲ್ಲಿ ಇನ್ನೊಂದು ಗಂಟು ಕಾದಿದೆ. 1922ರ ಹೊತ್ತಿಗೆ ದರ್ಬಾರ್ ಟಿಯಾರಾದ ನೆತ್ತಿಯಿಂದ ಪಚ್ಚೆಗಳು ಇಳಿದವು. ಅಷ್ಟರಲ್ಲಿ ಕ್ವೀನ್ ಮೇರಿ 1921ರಲ್ಲಿ ರಷ್ಯಾದ ಗ್ರ್ಯಾಂಡ್ ಡಚೆಸ್ ವ್ಲಾಡಿಮಿರ್‌ಳ ಟಿಯಾರಾವನ್ನು ಆಕೆಯ ಮಗಳಿಂದ ಕೊಂಡಿದ್ದಳು. ಅದರ ವರ್ತುಲಗಳಲ್ಲಿ ಮುತ್ತಿನ ಬದಲು ತೂಗಿಸಲು ಕೇಂಬ್ರಿಜ್ ಪಚ್ಚೆಗಳನ್ನು ಅಳವಡಿಸಲಾಯಿತು. ಹೀಗಾಗಿ ಪಚ್ಚೆ ತೂಗುವ ವ್ಲಾಡಿಮಿರ್ ಟಿಯಾರಾದಲ್ಲಿರುವ ಪಚ್ಚೆ ವ್ಲಾಡಿಮಿರ್‌ಳದ್ದಲ್ಲ. ಆಕೆಯ ಸ್ವಂತ ಪಚ್ಚೆಗಳು ಮಗ ಬೋರಿಸ್‌ಗೆ ಹೋಗಿ, ಪ್ಯಾರಿಸ್ಸಿನ ಒಡವೆ ಸಂಸ್ಥೆ ಕಾರ್ಟಿಯೇ ಮೂಲಕ ಅಮೆರಿಕದ ಈಡಿತ್ ರಾಕ್‌ಫೆಲರ್ ಮೆಕಾರ್ಮಿಕ್‌ಳನ್ನು ಸೇರಿ, ಆಕೆ 1932ರಲ್ಲಿ ಸತ್ತ ಮೇಲೆ ಮತ್ತೆ ಕಾರ್ಟಿಯೇ ಮೂಲಕ ಅಮೆರಿಕದ ಶ್ರೀಮಂತೆ ಬಾರ್ಬರಾ ಹಟನ್ ಕೈಗೆ ಬಂದವು. ವ್ಲಾಡಿಮಿರ್ ಎಮರಾಲ್ಡ್ಸ್ ಎಂದು ಎಲ್ಲೇ ಓದಿದರೂ ಈ ಎರಡು ಜಾಡುಗಳಲ್ಲಿ ಯಾವುದು ಎಂದು ಮೊದಲು ನಿರ್ಧರಿಸಿ. ಎಣಿಕೆ ಮತ್ತು ಕತ್ತರಿಕೆ ಬರೆದುಕೊಂಡ ಚೀಟಿ ಇಲ್ಲಿ ನೆರವಿಗೆ ಬರುತ್ತದೆ.

ತೂಕ, ಬೆಲೆ

ಕ್ಯಾರೆಟ್ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಇಂಗ್ಲೆಂಡಿನ ಹಳೆಯ ಕ್ಯಾರೆಟ್ ಸುಮಾರು 205.3 ಮಿಲಿಗ್ರಾಂ. 200 ಮಿಲಿಗ್ರಾಮಿನ ಮೆಟ್ರಿಕ್ ಕ್ಯಾರೆಟ್ ಅಮೆರಿಕದಲ್ಲಿ 1913ರಲ್ಲಿ, ಬ್ರಿಟನ್ನಿನಲ್ಲಿ 1914ರಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚಿನ ಲಂಡನ್ ವರದಿಯ ತೂಕವನ್ನು 1.0265ರಿಂದ ಗುಣಿಸಿ. ಆಗಿನ 70 ಕ್ಯಾರೆಟ್ ಈಗಿನ 71.9. ಎರಡು ವರದಿಗಳ ನಡುವೆ ಎರಡೂವರೆ ಪ್ರತಿಶತ ವ್ಯತ್ಯಾಸ ಕಂಡರೆ ಬೇರೆ ಹರಳು ಎಂದು ತಳ್ಳಿಹಾಕುವ ಮುನ್ನ ಈ ಲೆಕ್ಕ ಮಾಡಿ. ತೂಕ ಗಣನೀಯವಾಗಿ ಇಳಿದಿದ್ದರೆ ಮರುಕತ್ತರಿಕೆ ಆಗಿರಬಹುದು. ಗಣನೀಯವಾಗಿ ಏರಿದ್ದರೆ ಖಂಡಿತ ಅದು ಬೇರೆ ಹರಳು, ಇಲ್ಲವೇ ಅಚ್ಚಿನ ತಪ್ಪು.

ಭಾರತದ ವರದಿಗಳಲ್ಲಿ ರತ್ತಿ ಬಂದರೆ ಇನ್ನೂ ಎಚ್ಚರ. 11.66 ಗ್ರಾಮಿನ ತೊಲೆಗೆ 96 ರತ್ತಿ ಎಂಬ ಲೆಕ್ಕದಲ್ಲಿ ಒಂದು ರತ್ತಿ ಸುಮಾರು 0.61 ಕ್ಯಾರೆಟ್. ಹರಳಿನ ವ್ಯಾಪಾರಿಗಳ ರತ್ತಿ ಅದಕ್ಕಿಂತ ದೊಡ್ಡದು, ಸುಮಾರು 0.9 ಕ್ಯಾರೆಟ್. ವರದಿಯಲ್ಲಿ ಯಾವುದು ಎಂದು ಹೇಳಿರುವುದಿಲ್ಲ, ಎರಡೂ ಲೆಕ್ಕವನ್ನು ಬರೆದಿಡಿ.

ಬೆಲೆಗೆ ಹಳೆಯ ವಿನಿಮಯ ದರ ಬಳಸಿ. ಮೊದಲ ಮಹಾಯುದ್ಧಕ್ಕೆ ಮುನ್ನ ಒಂದು ಪೌಂಡ್ ಎಂದರೆ ಸುಮಾರು 4.86 ಡಾಲರ್, 25.2 ಫ್ರಾಂಕ್, 15 ರೂಪಾಯಿ. ಒಂದು ಲಕ್ಷ ರೂಪಾಯಿ ಆಗ 6,667 ಪೌಂಡ್. 1870ಕ್ಕೆ ಮುಂಚೆ ರೂಪಾಯಿ ಹೆಚ್ಚುಕಡಿಮೆ ಹತ್ತಕ್ಕೆ ಒಂದು ಪೌಂಡ್ ಇತ್ತು, ಅದೇ ಲಕ್ಷ 10,000 ಪೌಂಡ್. ಲಂಡನ್, ಪ್ಯಾರಿಸ್, ಮುಂಬಯಿ ಪತ್ರಿಕೆಗಳ ಬೆಲೆಗಳು ಪರಿವರ್ತಿಸಿದಾಗ ಸರಿಯಾಗಿ ಒಂದೇ ಬಂದರೆ, ಒಂದು ಇನ್ನೊಂದರ ನಕಲು.

ಚಿತ್ರ

1890ರ ದಶಕಕ್ಕೆ ಮುಂಚಿನ ಸಚಿತ್ರ ಪತ್ರಿಕೆಗಳಲ್ಲಿ ಇರುವುದು ಬಹುಪಾಲು ಕೆತ್ತನೆ ಚಿತ್ರ. ಒಡವೆಯ ವಿನ್ಯಾಸ ಕಲಾವಿದನ ಕೈಗುಣ, ಹರಳು ಎಣಿಸಬೇಡಿ. ಫೋಟೋ ಬಂದ ಮೇಲೂ ಪತ್ರಿಕೆಯ ಹಾಫ್‌ಟೋನ್ ಚುಕ್ಕಿಗಳಲ್ಲಿ ಹರಳು ಕರಗಿಹೋಗುತ್ತದೆ. ಚಿತ್ರದ ಕೆಳಗೆ ಛಾಯಾಗ್ರಾಹಕನ ಹೆಸರು ಇದ್ದರೆ ಮೂಲವನ್ನು ಹುಡುಕಿ. ಲಫಾಯೆಟ್, ಬಸ್ಸಾನೊ ಸ್ಟುಡಿಯೋಗಳ ಬಹಳಷ್ಟು ಭಾವಚಿತ್ರಗಳು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಜಾಲತಾಣದಲ್ಲಿವೆ.

ಕಪ್ಪು ಬಿಳುಪಿನಲ್ಲಿ ಬಣ್ಣ ಊಹಿಸುವಾಗ ಫೋಟೋ ಫಲಕದ ಗುಣ ತಿಳಿದಿರಬೇಕು. ಹಳೆಯ ಸಾಧಾರಣ ಫಲಕಕ್ಕೆ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು. ಅದರಲ್ಲಿ ನೀಲ ತಿಳಿಯಾಗಿ, ಪಚ್ಚೆ ಮತ್ತು ಮಾಣಿಕ್ಯ ಎರಡೂ ಕಪ್ಪಾಗಿ ಬರುತ್ತವೆ. ನಂತರದ ಆರ್ಥೊಕ್ರೊಮ್ಯಾಟಿಕ್ ಫಲಕಕ್ಕೆ ಹಸಿರೂ ಕಂಡಿತು, ಕೆಂಪು ಕಾಣಲಿಲ್ಲ. ಮಾಣಿಕ್ಯ ಮಸಿಯಂತೆ, ಪಚ್ಚೆ ಸ್ವಲ್ಪ ತಿಳಿಯಾಗಿ ಕಾಣುತ್ತದೆ. ಎಲ್ಲ ಬಣ್ಣ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಸಾಮಾನ್ಯವಾಗಿದ್ದು 1920ರ ದಶಕದ ನಂತರ. ಆದ್ದರಿಂದ 1890ರ ಫೋಟೋದಲ್ಲಿ ಕಪ್ಪು ಹರಳು ಕಂಡರೆ ಅದು ನೀಲವಾಗಿರುವ ಸಾಧ್ಯತೆ ಕಡಿಮೆ ಎನ್ನುವಷ್ಟು ಮಾತ್ರ ಹೇಳಬಹುದು.

ಬರೆದಿಡುವುದು, ಸಿಗದಿರುವುದು

ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ವರದಿಗೆ ಒಂದು ಸಾಲು. ಪತ್ರಿಕೆ, ಸಂಚಿಕೆಯ ತಾರೀಖು, ಪುಟ, ಕಾಲಂ, ಘಟನೆಯ ತಾರೀಖು, ತೊಟ್ಟವರು, ಒಡವೆ, ಹರಳಿನ ಸಂಖ್ಯೆ, ಮೂಲ ಭಾಷೆಯಲ್ಲೇ ಆ ವಾಕ್ಯ, ಯಾವ ಪತ್ರಿಕೆಯಿಂದ ಎತ್ತಿದ್ದು, ಕೊಂಡಿ. ಕೊನೆಯ ಕಾಲಂನಲ್ಲಿ ಕಂಡದ್ದು, ಕೇಳಿದ್ದು, ಊಹೆ ಈ ಮೂರರಲ್ಲಿ ಒಂದು. ವಾಕ್ಯವನ್ನು ಕನ್ನಡಿಸಿ ಬರೆದಿಟ್ಟರೆ ಆಮೇಲೆ ಮರುಮುದ್ರಣಗಳನ್ನು ಹೋಲಿಸಲು ಆಗುವುದಿಲ್ಲ. ಪುಟದ ಚಿತ್ರವನ್ನು ಶೀರ್ಷಿಕೆ, ತಾರೀಖು ಕಾಣುವಂತೆ ಉಳಿಸಿ, ಹುಡುಕಾಟದ ಪುಟದ ಕೊಂಡಿ ನಾಳೆ ಸತ್ತಿರುತ್ತದೆ, ಲೇಖನದ ಸ್ಥಿರ ಕೊಂಡಿಯನ್ನೇ ತೆಗೆದುಕೊಳ್ಳಿ. ಏನು ಹುಡುಕಿದಾಗ ಏನೂ ಸಿಗಲಿಲ್ಲ ಎಂಬುದನ್ನೂ ಪದ ಮತ್ತು ತಾರೀಖಿನ ಸಮೇತ ಬರೆಯಿರಿ.

ಸಿಗದಿರುವುದಕ್ಕೆ ಕಾರಣಗಳಿವೆ. ಬ್ರಿಟನ್ನಿನಲ್ಲಿ ಸಾಮಾನ್ಯರ ಉಯಿಲು ಸಾರ್ವಜನಿಕ ದಾಖಲೆ, ಪತ್ರಿಕೆಗಳು ಅದನ್ನು ಪ್ರಕಟಿಸುತ್ತಿದ್ದವು. ರಾಜಕುಟುಂಬದ ಉಯಿಲುಗಳನ್ನು ಮೊಹರು ಮಾಡಿ ಮುಚ್ಚಿಡುವ ಪದ್ಧತಿ ಶುರುವಾದದ್ದೇ ಕೇಂಬ್ರಿಜ್ ಪಚ್ಚೆಗಳಿದ್ದ ಪ್ರಿನ್ಸ್ ಫ್ರಾನ್ಸಿಸ್‌ನ ಉಯಿಲಿನಿಂದ. ಆದ್ದರಿಂದ 1910–11ರ ಪತ್ರಿಕೆಗಳಲ್ಲಿ ಆ ಹಸ್ತಾಂತರದ ವಿವರವನ್ನು ಅರಸಿ ಸುಸ್ತಾಗಬೇಡಿ. ಆ ಹಸ್ತಾಂತರದ ಪಕ್ಕ 'ಕೇಳಿದ್ದು' ಎಂದೇ ಬರೆಯಿರಿ, ಅದರ ವಿವರಗಳು ನಂತರದ ಬರಹಗಳಿಂದ ಬಂದವು.

ದೀರ್ಘ ಮೌನ ಕಂಡಾಕ್ಷಣ ಒಡವೆ ಮಾರಾಟವಾಯಿತು, ಒಡೆದು ಹೋಯಿತು ಎಂದೂ ತೀರ್ಮಾನಿಸಬೇಡಿ. ಪ್ಯಾರಿಸ್ಸಿನ ಒಡವೆ ಸಂಸ್ಥೆ ಬುಷ್ರೋನ್ 1919ರಲ್ಲಿ ಬ್ರಿಟನ್ನಿನ ಶ್ರೀಮಂತೆ ಮಿಸೆಸ್ ಗ್ರೆವಿಲ್‌ಗೆ ಮಾಡಿಕೊಟ್ಟ ಪಚ್ಚೆಯ ಕೊಕೊಶ್ನಿಕ್ (ರಷ್ಯಾದ ಶಿರೋಭೂಷಣದ ಆಕಾರದ) ಟಿಯಾರಾ ಆಕೆಯ ಉಯಿಲಿನ ಪ್ರಕಾರ 1942ರಲ್ಲಿ ಐದನೇ ಜಾರ್ಜನ ಸೊಸೆ ರಾಣಿ ಎಲಿಜಬೆತ್‌ಗೆ ಹೋಯಿತು. ರಾಜಮನೆತನದವರ ತಲೆಯ ಮೇಲೆ ಅದು ಸಾರ್ವಜನಿಕವಾಗಿ ಮೊದಲು ಕಂಡದ್ದು 2018ರ ಅಕ್ಟೋಬರ್ 12ರಂದು, ರಾಣಿ ಎರಡನೇ ಎಲಿಜಬೆತ್‌ಳ ಮೊಮ್ಮಗಳು ಪ್ರಿನ್ಸೆಸ್ ಯೂಜನಿ ಮದುವೆಯಲ್ಲಿ.

ಗಾಳಿಸುದ್ದಿಯನ್ನು ಹಿಮ್ಮುಖವಾಗಿ ಪರೀಕ್ಷಿಸಿ. ಏಳನೇ ಎಡ್ವರ್ಡ್‌ನ ಹೆಂಡತಿ ರಾಣಿ ಅಲೆಕ್ಸಾಂಡ್ರಾ ಮೊಮ್ಮಗ ಎಡ್ವರ್ಡ್‌ಗೆ ಬಿಟ್ಟುಹೋದ ಪಚ್ಚೆಗಳು ವಾಲಿಸ್ ಸಿಂಪ್ಸನ್ (ನಂತರದ ಡಚೆಸ್ ಆಫ್ ವಿಂಡ್ಸರ್) ಪಾಲಾದವು ಎಂಬ ಮಾತು 1936ರ ಸುಮಾರಿಗೆ ಹಬ್ಬಿತು. ಇಂಥ ಹೇಳಿಕೆ ಎದುರಾದಾಗ ಅದು ಮೊದಲು ಅಚ್ಚಾದ ತಾರೀಖನ್ನು ಕಂಡುಹಿಡಿದು, ಅದಕ್ಕಿಂತ ಹಿಂದಿನ ವರ್ಷಗಳಲ್ಲಿ ಅಂಥ ಹರಳುಗಳನ್ನು ಅಲೆಕ್ಸಾಂಡ್ರಾ ತೊಟ್ಟ ವರದಿ, ಉಡುಗೊರೆ ಪಟ್ಟಿ, ಫೋಟೋ ಇವೆಯೇ ಎಂದು ನೋಡಬೇಕು. ಅಲೆಕ್ಸಾಂಡ್ರಾ ಸತ್ತದ್ದು 1925ರ ನವೆಂಬರ್‌ನಲ್ಲಿ, ಉಯಿಲು ಬರೆದಿರಲಿಲ್ಲ. ಹುಡುಕಬೇಕಾದ ಅವಧಿ 1863ರ ಆಕೆಯ ಮದುವೆಯಿಂದ ಅಲ್ಲಿಯವರೆಗೆ, ಬಿರುದು 1901ರವರೆಗೆ ಪ್ರಿನ್ಸೆಸ್ ಆಫ್ ವೇಲ್ಸ್, 1910ರವರೆಗೆ ದ ಕ್ವೀನ್, ಆಮೇಲೆ ಕ್ವೀನ್ ಅಲೆಕ್ಸಾಂಡ್ರಾ.